ಗುಂಡಿಗಣ್ಣಿನ ಮೀನು

ದೇವಿಕೊಪ್ಪದಲ್ಲಿ ಆಡು ಸಾಕಿದವರಿದ್ದರು, ಕೋಳಿ ಸಾಕಿದವರಿದ್ದರು. ಕಟ್ಟಿಗೆಯ ಮೀನು ಸಾಕಿದವನು ದಾವೂದಸಾಬ ಒಬ್ಬನೇ. ಒಂದು ಹಳೆಯ ಬಿಸ್ಕೀಟಿನ ಡಬ್ಬಿ, ಒಳಗೆ ಹೆಂಡತಿ ಜಮೀಲಾಬಿಯ ಹರಿದ ಸೀರೆಯ ತುಂಡು, ಅದರ ಮೇಲೆ ಸಾಲಾಗಿ ಮಲಗಿಸಿದ ಒಂಬತ್ತು ಮೀನು. ಒಂದೊಂದೂ ಗೇಣುದ್ದ. ಹೊಟ್ಟೆಯ ಕೆಳಗೆ ಗಾಳ, ಬಾಯಿಯ ಕೆಳಗೆ ನಾಲಿಗೆಯಂಥ ತಗಡು, ಎರಡೂ ಬದಿಗೆ ಗಾಜಿನ ಕಣ್ಣು. ಸಮುದ್ರದ ದೊಡ್ಡ ಮೀನುಗಳನ್ನು ಮರುಳು ಮಾಡಲೆಂದು ಯಾವ ದೇಶದಲ್ಲೋ ಯಾರೋ ಕೆತ್ತಿ ಬಣ್ಣ ಬಳಿದವು. ಅವು ಈ ಜೋಳ-ಭತ್ತದ ಊರಿಗೆ ಬಂದದ್ದು ಅದಿರಿನ ಲಾರಿಯಲ್ಲಿ.

ದಾವೂದಸಾಬ ಆಗ ಹೊಸಪೇಟೆ ಕಡೆಯ ಅದಿರನ್ನು ಕಾರವಾರ ಬಂದರಿಗೆ ಒಯ್ಯುವ ಲಾರಿಯ ಡ್ರೈವರ. ಬಂದರಿನಲ್ಲಿ ಲಾರಿ ಖಾಲಿಯಾಗುವುದು ಯಾವಾಗಲೂ ತಡ. ಹಾಗೆ ಕಾಯುತ್ತ ಕೂತಾಗ ಗಣಬಾ ಹರಿಕಂತ್ರ ಎಂಬ ಮುದುಕ ಬೆಸ್ತನ ಗೆಳೆತನವಾಯಿತು. ಗಣಬಾನ ಗುಡಿಸಲಿನ ಸೂರಿನಲ್ಲಿ ಹಳೆಯ ಕಟ್ಟಿಗೆಯ ಮೀನುಗಳು ತೂಗುತ್ತಿದ್ದವು. ಹಡಗಿನವರು ಕೊಟ್ಟವು, ಸಾಹೇಬರ ಕಾಲದಲ್ಲಿ ಉಳಿದವು, ದಂಡೆಗೆ ತೇಲಿ ಬಂದವು. ಅದನ್ನೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ದಾವೂದಸಾಬನಿಗೆ ಗಣಬಾ ಹೇಳಿದ, ನಿಮ್ಮ ಕಡೆಯ ಮೆಣಸಿನಕಾಯಿ ತಂದರೆ ಒಂದು ಕೊಡುತ್ತೇನೆ ಎಂದು.

ಮುಂದಿನ ಟ್ರಿಪ್ಪಿಗೆ ಜಮೀಲಾಬಿ ಕೆಂಪು ಖಾರ ಕುಟ್ಟಿ ಕಟ್ಟಿಕೊಟ್ಟಳು. ಗಣಬಾ ನಾಲಿಗೆಗೆ ಹಚ್ಚಿಕೊಂಡು ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, ಒಂದಲ್ಲ ಎರಡು ಮೀನು ಕೊಟ್ಟ. ಅಲ್ಲಿಂದ ಶುರುವಾದ ಹುಚ್ಚು. ಬೇರೆ ಡ್ರೈವರರು ಕಾರವಾರದಿಂದ ಒಣಮೀನು, ತೆಂಗಿನಕಾಯಿ ತರುತ್ತಿದ್ದರು. ಇವನು ತರುವುದು ಬೇಯಿಸಲಾಗದ ಮೀನು. ಜಮೀಲಾಬಿ ಒಮ್ಮೆಯೂ ಬೈಯಲಿಲ್ಲ. ಅದರಲ್ಲಿ ಅವಳ ಸ್ವಾರ್ಥವೂ ಇತ್ತು, ತನ್ನ ಖಾರ ಸಮುದ್ರದ ತನಕ ಹೆಸರು ಮಾಡಿದೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಕೊನೆಗೆ ಬಂದದ್ದು ಹಸಿರು ಬೆನ್ನಿನ, ಕೆಂಪು ಗಂಟಲಿನ ಮೀನು. ಬಣ್ಣ ಬಿರುಕು ಬಿಟ್ಟಿತ್ತು, ಮೈತುಂಬ ಹಲ್ಲಿನ ಗುರುತು, ಒಂದು ಕಣ್ಣು ಉದುರಿ ಹೋಗಿತ್ತು. ಜಮೀಲಾಬಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಒಕ್ಕಣ್ಣಿಲೆ ನೀರಾಗ ದಾರಿ ಹೆಂಗ ಕಾಣಬೇಕ್ರಿ ಇದಕ್ಕ?” ಎಂದವಳೇ ತಾನು ತೊಟ್ಟ ಜಂಪರಿನ ನೀಲಿ ಗುಂಡಿಯೊಂದನ್ನು ಕತ್ತರಿಸಿ, ಸಣ್ಣ ಹಿತ್ತಾಳೆಯ ಮೊಳೆಯಿಂದ ಕಣ್ಣಿನ ಜಾಗಕ್ಕೆ ಬಡಿದಳು. ಜಂಪರಿಗೆ ಪಿನ್ನು ಹಾಕಿಕೊಂಡಳು. ಹುಬ್ಬಳ್ಳಿಗೆ ಹೋದಾಗ ಅಂಥದೇ ಗುಂಡಿ ತರುತ್ತೇನೆ ಎಂದು ದಾವೂದಸಾಬ ಹೇಳಿದ. ಹುಬ್ಬಳ್ಳಿಗೆ ಎಷ್ಟು ಸಲ ಹೋದನೋ. ಆ ಜಂಪರಿಗೆ ಕೊನೆಯವರೆಗೂ ಪಿನ್ನೇ ಇತ್ತು.

ಲಾರಿ ಬಿಟ್ಟು ಊರಲ್ಲಿ ನಿಂತ ಮೇಲೆ ದಾವೂದಸಾಬ ಆ ಮೀನುಗಳನ್ನು ಕೆರೆಗೆ ಇಳಿಸಿದ. ತಂಗೂಸಿನ ದಾರವನ್ನು ಡಾಲ್ಡಾ ಡಬ್ಬಿಗೆ ಸುತ್ತಿಕೊಂಡು ಏರಿಯ ಮೇಲಿಂದ ಬೀಸಿ ಒಗೆಯುವುದು, ಮೆಲ್ಲಗೆ ಎಳೆಯುವುದು. ತಗಡಿನ ನಾಲಿಗೆಗೆ ನೀರು ಬಡಿದು ಕಟ್ಟಿಗೆಯ ಮೀನು ಜೀವ ಬಂದಂತೆ ನಡು ಕುಣಿಸುತ್ತ ಬರುತ್ತಿತ್ತು. ಊರು ನಕ್ಕಿತು. ಆದರೆ ಕೊರವ ಮೀನು ಮಹಾ ಸಿಟ್ಟಿನದು, ತನ್ನ ಮರಿಗಳ ಹತ್ತಿರ ಯಾರು ಸುಳಿದರೂ ಹಾರಿ ಕಚ್ಚುತ್ತದೆ. ಗುಂಡಿಗಣ್ಣಿನ ಮೀನು ತೋಳುದ್ದದ ಕೊರವವನ್ನು ಎಳೆದು ತಂದ ದಿನ ನಕ್ಕವರೆಲ್ಲ ಸಾರಿನ ಆಸೆಗೆ ಪಾತ್ರೆ ಹಿಡಿದು ಬಾಗಿಲಿಗೆ ಬಂದರು. ಜಮೀಲಾಬಿ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಅದು ಅವರಿಬ್ಬರ ಒಳ್ಳೆಯ ಕಾಲ.

ಎಂಬತ್ಮೂರನೆಯ ಇಸವಿಯಲ್ಲಿ ಜಮೀಲಾಬಿ ಜ್ವರದಲ್ಲಿ ಹೋದಳು. ಅವಳ ಬಟ್ಟೆಗಳನ್ನು ಬಳಗದವರು ಹಂಚಿಕೊಟ್ಟರು, ಪಿನ್ನಿನ ಜಂಪರೂ ಯಾರ ಪಾಲಿಗೋ ಹೋಯಿತು. ದಾವೂದಸಾಬನಿಗೆ ಉಳಿದದ್ದು ಆ ಒಂದು ಗುಂಡಿ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕಿತ್ತು ತಾನೆ? ಇಲ್ಲ. ಅದನ್ನು ನೀರಿಗೆ ಒಗೆದು ಎಳೆಯುವಾಗಲೇ ಅವಳು ಪಕ್ಕದಲ್ಲಿದ್ದಾಳೆ ಅನ್ನಿಸುತ್ತಿತ್ತು. ಮಾರನೆಯ ವರ್ಷ ಒಂದು ಸಂಜೆ ದಾರ ಬಿಗಿಯಿತು. ಕೊರವ ಎಂದುಕೊಂಡು ಜಗ್ಗಿದ. ಕೊರವವಲ್ಲ, ನೀರಿನೊಳಗೆ ಮುಳುಗಿದ್ದ ಹಳೆಯ ಜಾಲಿಯ ಬೊಡ್ಡೆ. ದಾರ ಪಟ್ಟನೆ ಹರಿಯಿತು.

ಈಜು ಬಾರದು. ಯಾರನ್ನಾದರೂ ಇಳಿಸೋಣವೆಂದರೆ, ಹೆಂಡತಿಯ ಗುಂಡಿಗಾಗಿ ಅಳುವ ಮುದುಕ ಎಂದು ಊರು ಆಡಿಕೊಂಡೀತು ಎಂಬ ನಾಚಿಕೆ. ಹಾಗಾಗಿ ಯಾರಿಗೂ ಹೇಳದೆ ಅವನು ದೇವರಿಗೆ ಹೇಳಿದ. ಕೆರೆ ಬತ್ತಲಿ ಎಂದು ಬೇಡಿಕೊಂಡ. ಬೊಡ್ಡೆ ಬಯಲಾದರೆ ಸಾಕು, ನಡೆದು ಹೋಗಿ ತೆಗೆದುಕೊಳ್ಳುತ್ತೇನೆ ಎಂದ.

ಅವನ ಬೇಡಿಕೆಗೋ ಏನೋ, ಎರಡು ವರ್ಷ ಮಳೆ ಕೈಕೊಟ್ಟಿತು. ಎಂಬತ್ತಾರರ ಬೇಸಿಗೆಗೆ ನೀರು ದಿನದಿನಕ್ಕೂ ಇಳಿಯತೊಡಗಿತು. ದಾವೂದಸಾಬ ದಿನಾ ಏರಿಯ ಮೇಲೆ ಬಂದು ಕೂತು ನೋಡುತ್ತಿದ್ದ. ದಿನಾ ಬಂದು ನೋಡುವವನು ಇನ್ನೊಬ್ಬನಿದ್ದ, ಕುರುಬರ ಕರಿಸಿದ್ದಪ್ಪ, ದಾವೂದಸಾಬನ ಬಾಲ್ಯದ ಗೆಳೆಯ. ಅವನ ಕುರಿಗಳಿಗೆ ಆ ಕೆರೆ ಬಿಟ್ಟರೆ ನೀರಿಲ್ಲ. ಬತ್ತಿದರೆ ಹಿಂಡು ಹೊಡೆದುಕೊಂಡು ಊರು ಬಿಡಬೇಕು. ಸೊಸೆ ಬೇರೆ ತುಂಬಿದ ಬಸುರಿ. ಒಬ್ಬ ಇಳಿಯಲಿ ಎಂದು, ಒಬ್ಬ ಇಳಿಯದಿರಲಿ ಎಂದು, ಒಂದೇ ನೀರನ್ನು ನೋಡುತ್ತ ಇಬ್ಬರೂ ಒಂದೇ ಕಡೆ ಕೂತು ಬೀಡಿ ಸೇದುತ್ತಿದ್ದರು.

“ಮಂದಿ ತಮ್ಮ ಪಾಡಿಗೆ ಅದಾರ,” ಎಂದ ಕರಿಸಿದ್ದಪ್ಪ ಒಂದು ದಿನ. “ನಿನಗ ಒಂದ ಕುರಿಮರಿ ಸೈತ ಇಲ್ಲ. ಆದ್ರೂ ನನ್ನ ಸಲುವಾಗಿ ದಿನಾ ಬಂದ ಕುಂದರ್ತಿ ನೋಡು.”

ದಾವೂದಸಾಬ ಅರ್ಧ ಸೇದಿದ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, ಎದ್ದು ಮನೆಗೆ ನಡೆದ. ಬೊಡ್ಡೆಯ ನೆತ್ತಿ ಆಗಲೇ ನೀರಿನಿಂದ ಹೊರಗೆ ಕಪ್ಪಗೆ ಕಾಣುತ್ತಿತ್ತು. ಇನ್ನು ಸ್ವಲ್ಪ ದಿನ ತಡೆದರೆ ಮುಗಿಯಿತು. ಆದರೂ ಮರುದಿನ ನಮಾಜಿಗೆ ಕೂತಾಗ ಕೆರೆಯ ಮಾತು ಬಾಯಿಗೆ ಬರಲೊಲ್ಲದು. ಕೊನೆಗೆ ಮಳೆ ಕೊಡು ಎಂದು ಕೇಳಿ ಎದ್ದುಬಂದ. ಅಷ್ಟು ಹೇಳಲು ಅವನಿಗೆ ಎದೆ ಹರಿದಂತಾಯಿತು.

ಆ ವಾರದಲ್ಲೇ ಅಡ್ಡಮಳೆ ಹೊಡೆಯಿತು. ಹಳ್ಳದ ಕೆಂಪು ನೀರು ಕೆರೆಗೆ ನುಗ್ಗಿತು. ಕರಿಸಿದ್ದಪ್ಪ ಕಂಬಳಿ ಹೊದ್ದು ಏರಿಗೆ ಓಡಿಬಂದಾಗ ದಾವೂದಸಾಬ ಆಗಲೇ ಅಲ್ಲಿ ನೆನೆಯುತ್ತ ನಿಂತಿದ್ದ. ಅವರ ಕಣ್ಣೆದುರೇ ಬೊಡ್ಡೆ ಮುಳುಗಿತು. ಕರಿಸಿದ್ದಪ್ಪ ನಗುತ್ತಿದ್ದ, ದಾವೂದಸಾಬ ಅಳುತ್ತಿದ್ದ.

“ಯಾಕಲೇ, ಏನಾತು?”

ದಾವೂದಸಾಬ ಎಲ್ಲವನ್ನೂ ಹೇಳಿದ. ಗುಂಡಿಯ ಕಥೆ ಹೇಳಿದ, ಬೊಡ್ಡೆಯ ಕಥೆ ಹೇಳಿದ. ಕೊನೆಗೆ ತಲೆ ತಗ್ಗಿಸಿ, “ಎರಡ ವರ್ಷದಿಂದ ಈ ಕೆರಿ ಬತ್ತಲಿ ಅಂತ ಕೇಳಕೋತ ಬಂದಿದ್ದೆ ಕರಿಸಿದ್ದ,” ಎಂದ.

ಕರಿಸಿದ್ದಪ್ಪನ ನಗು ಹೋಯಿತು. ಕಂಬಳಿ ಸರಿಮಾಡಿಕೊಂಡು ನಡೆದುಬಿಟ್ಟ. ಮೀನೂ ಹೋಯಿತು, ಗೆಳೆಯನೂ ಹೋದ ಎಂದುಕೊಂಡ ದಾವೂದಸಾಬ.

ಬೆಳಿಗ್ಗೆ ಬಾಗಿಲು ತೆಗೆದರೆ ಕರಿಸಿದ್ದಪ್ಪ ನಿಂತಿದ್ದ. ಕೈಯಲ್ಲಿ ಕುರಿಗಳಿಗೆ ಜಾಲಿಯ ಟೊಂಗೆ ಬಗ್ಗಿಸುವ ದೋಟಿ, ತುದಿಗೆ ಕೊಕ್ಕೆ, ಬುಡಕ್ಕೆ ಇನ್ನೊಂದು ಬಿದಿರು ಕಟ್ಟಿ ಉದ್ದ ಮಾಡಿದ್ದ. “ನಡಿ,” ಎಂದ, ಅಷ್ಟೇ. ಏರಿಯ ಕಡೆಗಲ್ಲ, ಕುರಿಗಳು ನೀರಿಗಿಳಿಯುವ ಆಚೆ ದಂಡೆಗೆ ಕರೆದುಕೊಂಡು ಹೋದ. ಅಲ್ಲಿ ನೀರಿನ ಕೆಳಗೆ ಕಲ್ಲಿನ ಗಟ್ಟಿ ನೆಲ ಕೆರೆಯೊಳಗೆ ದೂರದವರೆಗೂ ಚಾಚಿತ್ತು. ಕರಿಸಿದ್ದಪ್ಪ ಎದೆಮಟ ಇಳಿದು ದೋಟಿ ಚಾಚಿ, ಬೊಡ್ಡೆಯ ಸುತ್ತ ತಡಕಾಡಿ, ಪಾಚಿಯ ಮುದ್ದೆಯೊಂದನ್ನು ಎಳೆದು ತಂದ.

ಗಾಳಗಳು ತುಕ್ಕು ಹಿಡಿದು ಉದುರಿದ್ದವು. ಹಸಿರೂ ಇಲ್ಲ, ಕೆಂಪೂ ಇಲ್ಲ, ಬರೀ ಕಪ್ಪು ಕಟ್ಟಿಗೆ. ದಾವೂದಸಾಬ ಹೆಬ್ಬೆರಳಿನಿಂದ ಕೆಸರು ಒರೆಸಿದ. ನೀಲಿ ಗುಂಡಿ ಹಾಗೇ ಇತ್ತು. ಅವನು ಅದನ್ನು ಎದೆಗೆ ಒತ್ತಿಕೊಂಡು ನೀರಂಚಿನಲ್ಲೇ ಕುಸಿದು ಕೂತ.

ಕರಿಸಿದ್ದಪ್ಪ ಧೋತರ ಹಿಂಡುತ್ತ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದ.

“ಮುಂದ ಏನರ ಕಳಕೊಂಡ್ರ,” ಎಂದ, “ಮೊದಲ ನನಗ ಹೇಳು. ದೇವರಿಗೆ ಆಮ್ಯಾಲೆ ಹೇಳೀಯಂತ.”