ಪ್ಲೇಟಿನ ಹಿಂದಿನ ನಂಬರು

ಮೊನ್ನೆ ಮಾಳಿಗೆಯ ಮೇಲೆ ಕುರಡಗಿ ಸಂಡಿಗೆ ಒಣಹಾಕಲು ಹೋದವಳು, ಬಿಸಿಲು ತಾಳದೆ ಸೋಲಾರ್ ಪ್ಲೇಟಿನ ನೆರಳಿಗೆ ಹೋಗಿ ಕೂತೆ. ಕಲಬುರಗಿಯ ಬಿಸಿಲನ್ನು ನಿಮಗೇನು ವರ್ಣಿಸಲಿ, ಊರಿನ ಹೆಸರು ಕೇಳಿದರೇ ಹೊರಗಿನವರು ಬೆವರು ಒರೆಸಿಕೊಳ್ಳುತ್ತಾರೆ. ತಲೆ ಎತ್ತಿ ನೋಡಿದರೆ ಪ್ಲೇಟಿನ ಬೆನ್ನ ಮೇಲೆ ಕೆಂಪು ಉಗುರುಬಣ್ಣದ ಅಕ್ಷರಗಳು: ಕಸ್ತೂರಬಾಯಿ, ಕಮಲಾಪುರ. ಕೆಳಗೊಂದು ಫೋನ್ ನಂಬರು. ಆ ಕಡೆ ಬಿಸಿಲು ಬೀಳುವುದಿಲ್ಲವಲ್ಲ, ಒಂದು ಅಂಕಿಯೂ ಮಾಸಿರಲಿಲ್ಲ.

ನಾನು ಕಮಲಾಪುರದ ಶಾಲೆಯಲ್ಲಿ ಟೀಚರಾಗಿದ್ದೆ. ದಿನಾ ಬಸ್ಸಿನ ಓಡಾಟ, ಅರ್ಧ ಆಯುಷ್ಯ ಕಿಟಕಿ ಸೀಟಿಗಾಗಿ ಜಗಳಾಡುವುದರಲ್ಲೇ ಹೋಯಿತು. ಒಮ್ಮೆ ಶಾಲೆಯ ಸೋಲಾರ್ ದೀಪ ಕೆಟ್ಟಿತು. ಕಪನೂರಿನಿಂದ ಮೆಕ್ಯಾನಿಕ್ ಬರಲಿ ಎಂದು ನಾವೆಲ್ಲ ಕಾಯುತ್ತಿದ್ದಾಗ, ನನ್ನ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ಕಸ್ತೂರಬಾಯಿ ಬಂದಳು. ಎಲ್ಲೋ ಹೆಣ್ಣುಮಕ್ಕಳ ತರಬೇತಿಯಲ್ಲಿ ಈ ಕೆಲಸ ಕಲಿತಿದ್ದಳಂತೆ. ಕಚ್ಚೆ ಹಾಕಿ ಬೆಂಚು ಹತ್ತಿ ವೈರುಗಳ ಡಬ್ಬಿ ಬಿಚ್ಚಿದಳು. "ಇರಬಿ ಗೂಡು ಕಟ್ಯಾವ್ರಿ ಅಕ್ಕೋರೆ" ಎಂದು ಇರುವೆಗಳನ್ನು ಊದಿ ತೆಗೆದಳು. ದೀಪ ಹತ್ತಿತು.

ನಮ್ಮ ಮನೆಗೂ ಆಕೆಯಿಂದಲೇ ಪ್ಲೇಟು ಹಾಕಿಸಿದೆ. ಆದರೂ ನನ್ನ ಜಾಣತನ ನೋಡಿ, ಗಂಡನನ್ನೂ ಕರೆದುಕೊಂಡು ಬಾ ಎಂದಿದ್ದೆ. ಮಹಾಗಾಂವದ ದಾರಿಯಲ್ಲಿ ಟಂಟಂ ಆಟೋ ಓಡಿಸುತ್ತಿದ್ದ ಶರಣಪ್ಪ ಪಾಪ ಬಂದ, ನಿಚ್ಚಣಿಕೆ ಹಿಡಿದ, ಆಮೇಲೆ ಪಡಸಾಲೆಯಲ್ಲಿ ನಮ್ಮ ಮನೆಯವರ ಜೊತೆ ಕೂತ. ಅವನಿಗೆ ಕಪ್ಪುಬಸಿಯಲ್ಲಿ ಚಹಾ ಕೊಟ್ಟೆ, ಸುಡುವ ಮಾಳಿಗೆಯ ಮೇಲಿದ್ದವಳಿಗೆ ಸ್ಟೀಲ್ ಗ್ಲಾಸಿನಲ್ಲಿ ಕಳಿಸಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಕೆಲಸ ಮುಗಿದ ಮೇಲೆ ಕಸ್ತೂರಬಾಯಿ ಚೀಲದಿಂದ ಉಗುರುಬಣ್ಣದ ಬಾಟಲಿ ತೆಗೆದಳು.

"ಅಕ್ಕೋರೆ, ನನ್ನ ನಂಬರ್ ಗೇಟಿನ ಮ್ಯಾಲ ಬರೀಲೇನ್ರಿ? ಹೋಗೋ ಬರೋ ಮಂದಿಗಿ ಕಾಣ್ತದ."

"ಬ್ಯಾಡವಾ, ಕಂಡ ಕಂಡವರು ಫೋನ್ ಹಚ್ತಾರ. ಮ್ಯಾಲ ಪ್ಲೇಟಿನ ಹಿಂದ ಬರಿ."

ಹೆಣ್ಣುಮಗಳ ನಂಬರನ್ನು ಬೀದಿಗೆ ಹಾಕಬಾರದು, ಅದು ಮರ್ಯಾದೆ, ಎಂಬುದು ನಾನು ಕಲಿತ, ಶಾಲೆಯಲ್ಲಿ ಕಲಿಸಿದ ಪಾಠ. ಆಕೆ ಮತ್ತೆ ಮೇಲೆ ಹತ್ತಿ, ಕಾಗೆಗಳು ಓದುವ ಜಾಗದಲ್ಲಿ ಬರೆದು ಬಂದಳು.

ಆಮೇಲೆ ನಮ್ಮ ಓಣಿಯವರು, ನನ್ನ ಜೊತೆಯ ಟೀಚರುಗಳು, ಅವರ ನೆಂಟರು, ಎಷ್ಟು ಜನ ಕೇಳಿದರೋ! ಎಲ್ಲರಿಗೂ ಅದೇ ಮರ್ಯಾದೆಯಿಂದ ಶರಣಪ್ಪನ ನಂಬರು ಕೊಟ್ಟೆ. ಫೋನುಗಳೆಲ್ಲ ಅವನಿಗೇ ಬಂದವು. ಮೊದಮೊದಲು ಆಕೆಯನ್ನು ಕರೆದೊಯ್ಯುತ್ತಿದ್ದ, ಆಮೇಲೆ ಇಬ್ಬರು ಆಳುಗಳನ್ನು ಇಟ್ಟುಕೊಂಡ. ಕಮಲಾಪುರದಲ್ಲಿ 'ಶರಣಪ್ಪ ಸೋಲಾರ್' ಎಂಬ ಬೋರ್ಡು ಬಂತು. ಅವನದೇನು ತಪ್ಪು? ಕರೆದವರ ಮನೆಗೆ ಹೋದ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಕಸ್ತೂರಬಾಯಿ, ಈಗ ಎಲ್ಲ ಮನೆಯವರೇ ನೋಡಿಕೊಳ್ಳುತ್ತಾರೆ ಎಂದಳು. ಅಂತೂ ಬಿಸಿಲಲ್ಲಿ ಬೇಯುವುದು ತಪ್ಪಿತಲ್ಲ ಎಂದು ನಾನು ಸಂತೋಷಪಟ್ಟೆ. ಆಕೆಯ ಮುಖವನ್ನು ಸರಿಯಾಗಿ ನೋಡಲಿಲ್ಲ.

ಈಗ ತಿಂಗಳಿಂದ ನಮ್ಮ ಪ್ಲೇಟಿನಿಂದ ಕರೆಂಟು ಸರಿಯಾಗಿ ಬರುತ್ತಿಲ್ಲ. ಶರಣಪ್ಪನ ಆಳುಗಳು ಎರಡು ಸಲ ನೋಡಿ, ಎಲ್ಲಾ ಬದಲಿಸಬೇಕು ಎಂದು ಹೋಗಿದ್ದಾರೆ. ಮೊನ್ನೆ ಆ ನೆರಳಲ್ಲಿ ಕೂತೇ ಕೆಂಪು ನಂಬರಿಗೆ ಫೋನ್ ಹಚ್ಚಿದೆ. ನಾನು ಹೆಸರು ಹೇಳುವ ಮೊದಲೇ ಆಕೆ ಶುರು ಮಾಡಿದಳು: "ಸೋಲಾರ್ ಕೆಲಸೇನ್ರಿ? ಮನಿಯವರ ನಂಬರ್ ಹೇಳ್ತೀನಿ, ಬರಕೋರಿ."

ಒಂದೊಂದೇ ಅಂಕಿ ಹೇಳುತ್ತ ಹೋದಳು. ಊರಿಗೆಲ್ಲ ಹಂಚಿದವಳು ನಾನೇ, ನನಗದು ಬಾಯಿಪಾಠ. ಅಂದು ಗೇಟಿನ ಮೇಲೆ ಬರೆಯಲು ಬಿಡಬೇಕಿತ್ತು.

"ಕಸ್ತೂರಬಾಯಿ, ನಾನು, ಸಾಲಿ ಅಕ್ಕೋರು. ನೀನೇ ಬಾ. ಡಬ್ಬಿಯೊಳಗ ಇರಬಿ ಗೂಡು ಕಟ್ಟಿರಬೇಕು."



"ಕೈಗಿ ಕೆಲಸ ಮರ್ತ ಹೋಗ್ಯಾದ್ರಿ ಅಕ್ಕೋರೆ" ಎಂದಳು.