ಅಯಸ್ಕಾಂತಕ್ಕೆ ಅಂಟದ ಕಲ್ಲು

ನಾನು ಕಲ್ಲು ತೇಯುವವಳು. ಆಕಾಶದಿಂದ ಬಿದ್ದ ಕಲ್ಲುಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ, ಅವುಗಳ ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ತೂರುವಷ್ಟು ತೆಳ್ಳಗೆ ತೇಯುವುದು ನನ್ನ ಕೆಲಸ. ವಿಜ್ಞಾನಿಯೇನಲ್ಲ. ಆದರೆ ಮನೆಯಲ್ಲಿ ನನ್ನ ಜಂಭಕ್ಕೆ ಏನೂ ಕಡಿಮೆ ಇರಲಿಲ್ಲ.

ಹೆಗ್ಗನಹಳ್ಳಿಯಲ್ಲಿ ನಮ್ಮದು ಮೂರಂತಸ್ತಿನ ಮನೆ. ನಾನು ಸೊಸೆಯಾಗಿ ಬರುವುದಕ್ಕೂ ಎಷ್ಟೋ ವರ್ಷ ಮೊದಲು ಆ ಜಾಗ ರಾಗಿ ಹೊಲವಾಗಿತ್ತು. ಮಾವ ಚಿಕ್ಕವರಿದ್ದಾಗ ಒಂದು ಬೆಳಗ್ಗೆ ಆ ಹೊಲಕ್ಕೆ ಗುಡುಗಿನಂಥ ಸದ್ದು ಮಾಡಿಕೊಂಡು ಕಲ್ಲೊಂದು ಬಿತ್ತಂತೆ. ಆಕಾಶದಲ್ಲಿ ಒಂದು ಚೂರೂ ಮೋಡ ಇರಲಿಲ್ಲವಂತೆ. ಮುಷ್ಟಿ ಗಾತ್ರದ ಆ ಕಪ್ಪು ಕಲ್ಲನ್ನು ಅವರು ದೇವರ ಮನೆಯಲ್ಲಿಟ್ಟು ದಿನಾ ಎಣ್ಣೆ ಸವರಿ ಕುಂಕುಮ ಇಡುತ್ತಿದ್ದರು. ಆ ಕತೆ ಶುರುವಾದರೆ ಮನೆಯವರೆಲ್ಲ ಮುಸಿಮುಸಿ ನಗುತ್ತಿದ್ದರು. ಅಪ್ಪ ಬುರುಡೆ ಬಿಡ್ತಾರೆ ಅನ್ನುವುದು ಮಕ್ಕಳ ತೀರ್ಪು.

ಒಂದು ಭಾನುವಾರ ಮಾರೇನಹಳ್ಳಿಯಿಂದ ನಾದಿನಿ ಮತ್ತು ಅವಳ ಗಂಡ ಊಟಕ್ಕೆ ಬಂದಿದ್ದರು. ಮಾತು ಕಲ್ಲಿಗೆ ಬಂತು. ಮಾವನೇ ಅದನ್ನು ತಂದು ನನ್ನ ಮುಂದಿಟ್ಟರು.

“ನೀನೇ ಹೇಳವ್ವ. ಇವ್ರ್ಯಾರೂ ನಂಬಲ್ಲ. ನೀನು ಓದಿರೋಳು.”

ಹಳೇ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಕಲ್ಲಿನ ಪಕ್ಕ ತೂಗಿಬಿಟ್ಟೆ. ನಮ್ಮಲ್ಲಿಗೆ ಬರುವ ಉಲ್ಕಾಶಿಲೆಗಳಲ್ಲಿ ಹೆಚ್ಚಿನವು ಅದನ್ನು ಎಳೆದುಕೊಳ್ಳುತ್ತವೆ. ಇದು ಎಳೆಯಲಿಲ್ಲ. ಮೇಲಿನ ಕಪ್ಪು ಮೆರುಗನ್ನು ಇಷ್ಟು ವರ್ಷದ ಎಣ್ಣೆ ಜಿಡ್ಡು ಅಂದುಕೊಂಡೆ. ಉಗುರಿನಲ್ಲಿ ಕೆರೆದೂ ನೋಡಲಿಲ್ಲ.

“ಮಾವ, ಇದು ನಮ್ಮೂರ ಕಲ್ಲೇ,” ಅಂದೆ. ನಾದಿನಿಯ ಗಂಡ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆ ನಗು ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಮಾವ ಕುಂಕುಮದ ಭರಣಿಯಿಂದ ಕಡಲೆ ಗಾತ್ರದ ಚೂರೊಂದನ್ನು ತೆಗೆದುಕೊಟ್ಟರು. ಕಲ್ಲು ಬಿದ್ದ ದಿನ ಅದರ ಮೂಲೆಯಿಂದ ಮುರಿದದ್ದು. “ಆಫೀಸಲ್ಲಿ ಒಂದ್ಸಲ ನೋಡವ್ವ.” ಆಯ್ತು ಅಂತ ಬ್ಯಾಗಿಗೆ ಹಾಕಿಕೊಂಡು ಮರೆತೆ.

ದೇವರಲ್ಲದ್ದು ದೇವರ ಮನೆಯಲ್ಲಿ ಇರಬಾರದು ಅಂದರು ಅತ್ತೆ. ಹಾಗಂತ ಇಷ್ಟು ವರ್ಷ ಪೂಜೆ ಮಾಡಿದ್ದನ್ನು ಬೀದಿಗೆ ಎಸೆಯುವಂತೆಯೂ ಇಲ್ಲ. ಮುಕ್ಕಾದ ವಿಗ್ರಹ, ಒಡೆದ ದೇವರ ಪಟಗಳನ್ನು ಬಿಡುವಂತೆ ನೀರಿಗೇ ಬಿಡಬೇಕು. ಮಾರನೇ ದಿನ ಮಾವ ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ವೀಳ್ಯದೆಲೆ ಇಟ್ಟು, ಒಬ್ಬರೇ ಕೆರೆಗೆ ಹೋಗಿ ಬಿಟ್ಟು ಬಂದರು. ಆಮೇಲೆ ಆ ಕತೆ ಹೇಳಲಿಲ್ಲ. ಬೇರೆ ಕತೆಗಳನ್ನೂ ಹೇಳಲಿಲ್ಲ. ತಟ್ಟೆ ನೋಡಿಕೊಂಡು ಉಂಡು ಏಳುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಪ್ರಯೋಗಾಲಯಕ್ಕೆ ಮಂಗಳ ಗ್ರಹದಿಂದ ಸಿಡಿದು ಭೂಮಿಗೆ ಬಿದ್ದ ಕಲ್ಲಿನ ಚೂರೊಂದು ಬಂತು. ಅಂಥದ್ದನ್ನು ನಾನು ಮುಟ್ಟಿದ್ದು ಅದೇ ಮೊದಲು. ಅಭ್ಯಾಸಬಲದಿಂದ ಅಯಸ್ಕಾಂತ ಹಿಡಿದೆ. ಅಲ್ಲಾಡಲಿಲ್ಲ.

“ಇದು ಎಳೆಯಲ್ಲ ಕಣಮ್ಮ, ಇದ್ರಲ್ಲಿ ಬಿಡಿ ಕಬ್ಬಿಣ ಇಲ್ಲ,” ಅಂದರು ಪ್ರಯೋಗಾಲಯದ ವಿಜ್ಞಾನಿ, ನಮ್ಮ ಮೇಡಂ. “ಮಂಗಳದ್ದು ನೋಡೋಕೆ ನಮ್ಮ ಕಲ್ಲಿನ ಥರಾನೇ ಇರತ್ತೆ. ಗೊತ್ತಾಗದೆ ಜನ ಎಸೆದುಬಿಡ್ತಾರೆ.”

ಮಾವನ ಕಲ್ಲು ನೆನಪಾಯಿತು. ಮನೆಗೆ ಬಂದು ಹಳೇ ಬ್ಯಾಗನ್ನು ಕೊಡವಿದೆ. ಚೂರು ತಳದಲ್ಲಿತ್ತು. ಮರುದಿನ ನಾನೇ ತೇದು ಮೇಡಂಗೆ ಕೊಟ್ಟೆ. ಕಲ್ಲಿನ ಖನಿಜದಲ್ಲಿ ಕಬ್ಬಿಣ ಎಷ್ಟು, ಮ್ಯಾಂಗನೀಸ್ ಎಷ್ಟು ಅನ್ನುವ ಲೆಕ್ಕ ಗ್ರಹದಿಂದ ಗ್ರಹಕ್ಕೆ ಬೇರೆ. ನಮ್ಮ ಚೂರಿನದು ಮಂಗಳದ್ದಕ್ಕೆ ಹೊಂದಿತು. ನಾನು ಎಣ್ಣೆ ಜಿಡ್ಡು ಅಂದುಕೊಂಡ ಕಪ್ಪು ಮೆರುಗು, ಕಲ್ಲು ಬೀಳುವಾಗ ಮೈ ಸುಟ್ಟು ಕರಗಿ ಆದ ಪದರ. ಮೇಡಂ ಇನ್ನೊಮ್ಮೆ ಅಳೆದು, “ಉಳಿದ ಕಲ್ಲು ಎಲ್ಲಿ?” ಅಂದರು. ನಾನು ಬ್ಯಾಗು ಎತ್ತಿಕೊಂಡು ಹೊರಟೆ.

ವಿಜಯನಗರದಲ್ಲಿ ಮೆಟ್ರೋ ಇಳಿದು ಆಟೋ ಹತ್ತಿ, ಮನೆ ಮುಟ್ಟುವವರೆಗೂ ಹೇಗೆ ಹೇಳುವುದೆಂದು ಬಾಯಿಪಾಠ ಮಾಡಿಕೊಂಡೆ. ಮಾವ ಟೆರೇಸಿನಲ್ಲಿ ಒಬ್ಬರೇ ಕೂತಿದ್ದರು. ಬಾಯಿಪಾಠ ಎಲ್ಲ ಮರೆತುಹೋಗಿ ಅವರ ಕಾಲು ಹಿಡಿದುಕೊಂಡೆ.

“ತಪ್ಪಾಯ್ತು ಮಾವ. ಅದು ಆಕಾಶದ್ದೇ. ಮಂಗಳ ಗ್ರಹದ್ದು.”

ಅವರು ನನ್ನನ್ನು ಹಿಡಿದೆತ್ತಿದರು. “ಹಂಗಾರೆ ನಾನು ಸುಳ್ಳು ಹೇಳಿಲ್ಲ?”

“ಇಲ್ಲ ಮಾವ.”

ತಿಂಗಳುಗಳ ಮೇಲೆ ಅವರ ಮುಖ ಅರಳಿತು. ಬೈಯಬಹುದಿತ್ತು, ಬೈಯಲಿಲ್ಲ. ಎದ್ದು ಚಪ್ಪಲಿ ಹುಡುಕತೊಡಗಿದರು.

“ಬಿಟ್ಟ ಜಾಗ ನಂಗೆ ಸರಿಯಾಗಿ ಗ್ಯಾಪ್ಕ ಐತೆ. ಹಳೇ ಬಾವಿ ಹಗ್ಗ ಮೆಟ್ಟಿಲ ಕೆಳಗೈತೆ ನೋಡು. ನಿನ್ನ ಅಯಸ್ಕಾಂತ ಎತ್ಕೊಂಬಾರವ್ವ, ಹಗ್ಗಕ್ಕೆ ಕಟ್ಟಿ ಕೆರೆಗೆ ಬಿಡಣ. ಅಂಟ್ಕೊಂಡು ಮೇಲಕ್ಕೆ ಬತ್ತದೆ.”

ಅಂಟಲ್ಲ ಮಾವ ಅನ್ನಲು ನನಗೆ ಬಾಯಿ ಬರಲಿಲ್ಲ. ಅಯಸ್ಕಾಂತ ತರಲು ಒಳಗೆ ಹೋದೆ.