ಗುಂಡಿಯ ಮೇಲಿನ ಎರಡು ಸಾಲು

ಕೆಲವರು ಊರು ತಿದ್ದಲು ಹೊರಡುತ್ತಾರೆ. ನಾನು ಕಂಪ್ಯೂಟರಿನಲ್ಲಿ ಬರೆಯುವ ತಂತ್ರಾಂಶದ ಸಹಾಯದ ಮಾತುಗಳನ್ನು ತಿದ್ದಲು ಹೊರಟವನು. ಗುಂಡಿಯ ಮೇಲೆ ಬಾಣದ ಗುರುತು ನಿಲ್ಲಿಸಿದರೆ ಪುಟ್ಟ ಚೌಕದಲ್ಲಿ ಎರಡು ಸಾಲು ಮೂಡುತ್ತವಲ್ಲ, ಅವು. ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ಕೂತು ಮಾಡಲು ಇದಕ್ಕಿಂತ ನಿರುಪದ್ರವಿ ಹುಚ್ಚು ಇನ್ನೊಂದಿಲ್ಲ ಎಂದುಕೊಂಡಿದ್ದೆ.

ಹುಚ್ಚು ಹತ್ತಿಸಿದವಳು ತಂಗಿ ಮಹಾದೇವಿ. ನಿಲಂಗಾ ಕಡೆಯ ಕನ್ನಡ ಶಾಲೆಯೊಂದರಲ್ಲಿ ಟೀಚರು. ಒಂದು ಮಧ್ಯಾಹ್ನ ಫೋನು ಮಾಡಿ, "ಅಣ್ಣಾ, ಪ್ರಶ್ನಪತ್ರಿಕಿ ಪೂರಾ ಹೋತು ನೋಡು. ಕಂಪ್ಯೂಟರಿನ್ಯಾಗ ನೀ ಹಚ್ಚಿಕೊಟ್ಟ ಕನ್ನಡ ಏನೋ ಅಂತು, ನಂಗ ತಿಳೀಲಿಲ್ಲ, ಒತ್ತಿಬಿಟ್ಟೆ" ಎಂದಳು. ಅದು ಅಂದದ್ದು ಇಷ್ಟು: "ಅರಕ್ಷಿತ ಮಾರ್ಪಾಡುಗಳ ಪರಿತ್ಯಾಗಪೂರ್ವಕ ನಿರ್ಗಮನ." ಸನ್ಯಾಸಕ್ಕೆ ಹೊರಟವನೂ ಇದನ್ನು ಕೇಳಿದರೆ ಮನೆಗೆ ತಿರುಗಿ ಬಂದಾನು.

ನನಗೆ ಮಾತು ಕಲಿಸಿದ ಅಜ್ಜಿ ಒಲೆಯ ಮುಂದೆ, "ಹಾಲ ಉಕ್ಕತದ, ಕಟಗಿ ಹಿಂದ ಎಳಿ" ಅನ್ನುತ್ತಿದ್ದಳು. ಮೊದಲು ಏನಾಗುತ್ತದೆ, ಆಮೇಲೆ ಕೈ ಏನು ಮಾಡಬೇಕು. ಅಲಂಕಾರಶಾಸ್ತ್ರ ಓದಿದ ಮೇಲೂ ಸಹಾಯದ ಮಾತಿಗೆ ಇದಕ್ಕಿಂತ ದೊಡ್ಡ ಲಕ್ಷಣ ನನಗೆ ಸಿಕ್ಕಿಲ್ಲ. ಅದೇ ಅಳತೆಯಲ್ಲಿ ಬರೆದೆ: "ಹೀಗೇ ಮುಚ್ಚಿದರೆ ಬರೆದದ್ದು ಹೋಗುತ್ತದೆ. ಮೊದಲು ಉಳಿಸಿ." ಮಹಾದೇವಿಗೆ ಓದಿ ಹೇಳಿದೆ. "ಹೀಂಗ ಮೊದ್ಲೇ ಅಂದಿದ್ರ ನನ್ನ ಪತ್ರಿಕಿ ಉಳೀತಿತ್ತಲ್ಲೋ!" ಎಂದು ಬೈದಳು. ಬೈಗುಳವನ್ನೇ ಪ್ರಶಸ್ತಿ ಎಂದು ತಿಳಿದು, ಆ ತಂತ್ರಾಂಶದ ಕನ್ನಡ ಅನುವಾದಗಳನ್ನು ನೋಡಿ ಒಪ್ಪುವ ಮಹನೀಯರಿಗೆ ಕಳಿಸಿದೆ. ಹೆಸರಿನ ಕೆಳಗೆ ಊರನ್ನೂ ಬರೆದೆ.

ಉತ್ತರ ಬಂತು: "ಗಡಿಭಾಗದ ಆಡುಮಾತು. ಶಿಷ್ಟಭಾಷೆಗೆ ಒಗ್ಗದು." ಆ ಎರಡು ಸಾಲಿನಲ್ಲಿ ಗಡಿ ಎಲ್ಲಿದೆಯೆಂದು ಹುಡುಕಿದೆ. ಮೈಸೂರಿನವನೂ ಹಾಗೆಯೇ ಬರೆದಾನು. ಗಡಿ ಇದ್ದದ್ದು ಹೆಸರಿನ ಕೆಳಗೆ. ಇಲ್ಲಿನ ಕಚೇರಿಗಳಲ್ಲಿ ನಾವು ಕನ್ನಡದವರು. ಕನ್ನಡದ ಕಚೇರಿಗಳಲ್ಲಿ ಮಹಾರಾಷ್ಟ್ರದವರು. ಮತ್ತೆ ಕಳಿಸಿದೆ, ಅದರ ಮೇಲೂ ಕಳಿಸಿದೆ. ಕೊನೆಗೆ ಉತ್ತರವೂ ನಿಂತಿತು.

ಮೊನ್ನೆ ನಿಲಂಗಾಕ್ಕೆ ಹೋದಾಗ ಮಹಾದೇವಿ ಮತ್ತೊಂದು ಪ್ರಶ್ನಪತ್ರಿಕೆ ಟೈಪು ಮಾಡುತ್ತಿದ್ದಳು. ಗಾದೆ, ಬಿಟ್ಟ ಸ್ಥಳ, ಸಮಾನಾರ್ಥಕ, ಎಲ್ಲ ಕನ್ನಡ. ಸುತ್ತಲಿನ ಗುಂಡಿ, ಸೂಚನೆ ಎಲ್ಲ ಮರಾಠಿ.

"ಇದೇನವ್ವಾ?" ಎಂದೆ.

"ಸಿಟ್ಟಾಗಬ್ಯಾಡ ಅಣ್ಣಾ. ಇಲ್ಲಿ ನೋಡು, ಉಳಸೋ ಗುಂಡಿಗಿ 'ಜತನ ಕರಾ' ಅಂತದ. ನಾವು ಮನ್ಯಾಗ 'ಜ್ವಾಳ ಜತನ ಮಾಡು' ಅನ್ನಂಗಿಲ್ಲೇನು? ಸಟಕ್ಕನ ತಿಳೀತದ. ಮತ್ತೊಮ್ಮೆ ಪತ್ರಿಕಿ ಹೋದ್ರ ಹೆಡ್‌ಮಾಸ್ತರ್ರು ನನ್ನ ಸುಮ್ಮ ಬಿಡ್ತಾರ?" ನನ್ನನ್ನು ಸಮಾಧಾನಪಡಿಸಲು ಸೇರಿಸಿದಳು: "ನಿಂದು ಎರಡು ಸಾಲು ಬರಲಿ, ಅವತ್ತ ಕನ್ನಡ ಹಚ್ಚತೀನಿ."

ಆ ಎರಡು ಸಾಲು ಇನ್ನು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಮಹನೀಯರು ಕನ್ನಡವನ್ನು ಮೈಲಿಗೆಯಾಗದಂತೆ ಕಾದರು, ಅದರಲ್ಲಿ ಸಂಶಯವಿಲ್ಲ. ಮಡಿಯ ಅಡುಗೆ ಮುಟ್ಟುವವರಿಲ್ಲದೆ ಆರಿದೆ. ಹಸಿದವರು ಪಕ್ಕದ ಮನೆಯಲ್ಲಿ ಉಂಡು ಕೈತೊಳೆದಿದ್ದಾರೆ.